ಅಳಿಸಲು ಬರದ ಬಿಲ್ಲೆ

ಎಸೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಜಗಳ ಶುರುವಾಗುವುದೇ ಅಲ್ಲಿಂದ. ಸಿಂದಗಿಯ ನನ್ನ ಮನೆಯ ಕಬ್ಬಿಣದ ಕಪಾಟಿನಲ್ಲಿ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ವಿಡಿಯೋ ಕ್ಯಾಮೆರಾ ಇದೆ. ಅಂಗೈಗಿಂತ ಸಣ್ಣದಾದ ಡಿಸ್ಕಿನ ಮೇಲೆ ಚಿತ್ರ ಬರೆಯುವಂಥದ್ದು. ಪಕ್ಕದ ಬಾಗಿಲು ತೆಗೆದು ಡಿಸ್ಕು ಕೂರಿಸಿ ಮುಚ್ಚಿದರೆ ಒಳಗೆ ಗುಂಯ್ ಎನ್ನುತ್ತದೆ, ಸ್ವಲ್ಪ ಹೊತ್ತು ಯೋಚನೆ ಮಾಡುತ್ತದೆ, ಆಮೇಲೆ ಕೆಲಸಕ್ಕೆ ಒಪ್ಪುತ್ತದೆ. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು. ಈಗ ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿದರೆ ಮಾತ್ರ ಏಳುತ್ತದೆ. ಅಣ್ಣನ ಮಕ್ಕಳು ಬಂದಾಗಲೆಲ್ಲ ಅದನ್ನು ನೋಡಿ ನಗುತ್ತಾರೆ.

"ಅತ್ತಿ, ಇದನ್ನ ಗುಜರಿಗೆ ಹಾಕು. ಫೋನಿನ್ಯಾಗ ಇದಕ್ಕಿಂತ ಚಂದ ಬರ್ತೈತಿ" ಎನ್ನುತ್ತಾರೆ.

ಬರಲಿ. ಅವರ ಫೋನಿನಲ್ಲಿ ಬಂದದ್ದೆಲ್ಲ ಫೋನು ತುಂಬಿದ ದಿನ ಹೋಗುತ್ತದೆ. ನನ್ನದರಲ್ಲಿ ಬಂದದ್ದು ಹೋಗುವುದಿಲ್ಲ. ಹೋಗಬೇಕು ಎಂದು ಒಬ್ಬರು ಬಹಳ ಪ್ರಯತ್ನಪಟ್ಟಿದ್ದರು. ಆ ಕಥೆಯನ್ನೇ ಹೇಳುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮದುವೆಯಾಗಲಿಲ್ಲ. ಅದಕ್ಕೆ ಕಾರಣ ಕೇಳುವವರಿಗೆ ನಾನು ಒಂದೊಂದು ಸಲ ಒಂದೊಂದು ಕಾರಣ ಹೇಳುತ್ತೇನೆ, ಅವರಿಗೂ ಬೇಸರ ಬರಬಾರದು ನೋಡಿ. ನನ್ನ ಸರೀಕರು ಬಳೆ ಮಾಡಿಸಿಕೊಳ್ಳುವ ವಯಸ್ಸಿನಲ್ಲಿ ನಾನು ಇಂಡಿ ದಾಟಿ ಸೊಲ್ಲಾಪುರಕ್ಕೆ ಹೋಗಿ ಈ ಕ್ಯಾಮೆರಾ ತಂದೆ. ಬಸವನ ಬಾಗೇವಾಡಿಯ ನಮ್ಮ ಹಿರಿಯರ ಮನೆಯಲ್ಲಿ ಅದನ್ನು ಬಿಚ್ಚಿ ಇಟ್ಟಾಗ ಅಣ್ಣ ಅದನ್ನು ಮುಟ್ಟಲೂ ಇಲ್ಲ.

"ಮಂಗ್ಯಾನ ಕೈಯಾಗ ಮಾಣಿಕ್ಯ" ಎಂದಷ್ಟೇ ಹೇಳಿ ಹೊಲಕ್ಕೆ ಹೋದ.

ಅಂಗಡಿಯವನು ನನಗೆ ಎರಡು ಮಾತು ಹೇಳಿ ಕಳಿಸಿದ್ದ. ಒಂದು, ಈ ಡಿಸ್ಕಿನಲ್ಲಿ ಒಮ್ಮೆ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಅಳಿಸಿ ಮತ್ತೆ ಬರೆಯುವ ಇನ್ನೊಂದು ಬಗೆಯ ಡಿಸ್ಕೂ ಇತ್ತು, ಆದರೆ ಅವತ್ತು ಅವನ ಹತ್ತಿರ ಇರಲಿಲ್ಲ. ಎರಡನೆಯದು, ತುಂಬಿದ ಡಿಸ್ಕನ್ನು ಇದೇ ಕ್ಯಾಮೆರಾದಲ್ಲಿ ಇಟ್ಟು ಮುಚ್ಚಬೇಕು. ಮುಚ್ಚುವುದೆಂದರೆ ಒಂದು ಗುಂಡಿ ಒತ್ತಿ, ಅದು ಬರಹವನ್ನೆಲ್ಲ ಮುಗಿಸಿ ಮೊಹರು ಹಾಕುವತನಕ ಅಲುಗಿಸದೆ ಕಾಯುವುದು. ಹಾಗೆ ಮುಚ್ಚುವತನಕ ಬೇರೆ ಯಾವ ಯಂತ್ರಕ್ಕೂ ಅದು ಕಾಣುವುದಿಲ್ಲ, ಮುಚ್ಚಿದ ಮೇಲೆ ಅದಕ್ಕೆ ಮತ್ತೇನೂ ಸೇರಿಸಲು ಬರುವುದಿಲ್ಲ. ಮೊದಲನೆಯ ಮಾತು ನನ್ನ ತಲೆಗೆ ಹೋಯಿತು. ಎರಡನೆಯದು ಬಸ್ಸು ಹೊರಡುವ ಗಡಿಬಿಡಿಯಲ್ಲಿ ಅಲ್ಲೇ ಉಳಿಯಿತು.

ಹಾಗಾಗಿ ನಮ್ಮ ಓಣಿಯ ಒಂದು ತೊಟ್ಟಿಲು ಕಾರ್ಯ ಹಿಡಿದು ತಂದು, ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿ, ಅಣ್ಣನ ಮನೆಯ ಡಿವಿಡಿ ಪ್ಲೇಯರಿಗೆ ಡಿಸ್ಕು ಹಾಕಿದರೆ ಟಿವಿ ಮೇಲೆ ಬಂದದ್ದು 'ನೋ ಡಿಸ್ಕ್' ಎಂಬ ಎರಡು ಶಬ್ದ. ತೆಗೆದು ಸೆರಗಿನಿಂದ ಒರೆಸಿ ಹಾಕಿದೆ. ಅದೇ ಎರಡು ಶಬ್ದ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಅಣ್ಣ ಅವತ್ತೇ ಅದಕ್ಕೆ ಕುರುಡು ಬಿಲ್ಲೆ ಎಂದು ಹೆಸರಿಟ್ಟ. ಮರುವಾರ ಕೈಪಿಡಿ ಓದಿ ಮುಚ್ಚುವುದನ್ನು ಕಲಿತೆ, ಆ ತೊಟ್ಟಿಲ ಡಿಸ್ಕನ್ನು ಮುಚ್ಚಿ ಕೂಸಿನ ತಾಯಿಗೂ ಕೊಟ್ಟೆ. ಅಣ್ಣನಿಗೆ ಮಾತ್ರ ವಿವರಿಸಲು ಹೋಗಲಿಲ್ಲ. ಒಮ್ಮೆ ಹೆಸರಿಟ್ಟ ಮೇಲೆ ಅವನು ಯಾರ ಮಾತನ್ನೂ ಕೇಳುವವನಲ್ಲ, ಸ್ವಂತ ಮಕ್ಕಳ ವಿಷಯದಲ್ಲೂ.

ಇನ್ನು ಅಕ್ಕ. ಅವಳು ನಮ್ಮಿಬ್ಬರ ನಡುವಿನವಳು, ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಭಾವನದು ಹಿಟ್ಟಿನ ಗಿರಣಿ. ಅವರು ತೀರಿಕೊಂಡಾಗ ಮಗಳು ಇನ್ನೂ ಬಾಲವಾಡಿಗೆ ಹೋಗುತ್ತಿದ್ದಳು. ಗಿರಣಿ ಮಾರಿ ಅಣ್ಣನ ಮನೆಯಲ್ಲಿ ಬಂದಿರು ಎಂದು ಎಲ್ಲರೂ ಹೇಳಿದರು. ಅಕ್ಕ ಸೆರಗು ಸಿಕ್ಕಿಸಿ, ಗಿರಣಿಯ ಬೆಲ್ಟು ತಾನೇ ಏರಿಸಿ, ಜೋಳ ಸುರಿಯಲು ಶುರು ಮಾಡಿದಳು. ಯಂತ್ರದ ಸದ್ದಿಗಿಂತ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಎಷ್ಟು ದೊಡ್ಡದಾಯಿತೆಂದರೆ ಗುಟ್ಟು ಹೇಳಿದರೂ ಓಣಿಗೆಲ್ಲ ತಿಳಿಯುತ್ತಿತ್ತು. ನಾನು ಕ್ಯಾಮೆರಾ ಹಿಡಿದು ಗಿರಣಿಗೆ ಹೋದರೆ ಹಿಟ್ಟಿನ ಧೂಳಿಗೆ ಅದು ಕೆಲಸ ನಿಲ್ಲಿಸುತ್ತಿತ್ತು. ಅಕ್ಕ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ನಗುತ್ತಿದ್ದಳು.

"ನಿನ್ನ ಕೂಸಿಗೆ ದಗದ ಮಾಡೂ ಜಾಗ ಆಗಿಬರಂಗಿಲ್ಲ. ಹೊರಗ ಕುಂದ್ರಸಿ ಬಾ" ಎನ್ನುತ್ತಿದ್ದಳು.

ಇಂಥ ಹೆಂಗಸು ಮದುವೆ ಮನೆಗೆ ಹೋದರೆ ಮಾತ್ರ, ಯಾರೂ ಹೇಳುವ ಮೊದಲೇ ಒಳಗಿನ ಕೋಣೆಗೆ ಹೋಗಿ ಕೂರುತ್ತಿದ್ದಳು. ಗಂಡ ಸತ್ತವರು ಅಕ್ಕಿಕಾಳಿನ, ಅಂದರೆ ಅಕ್ಷತೆ ಹಾಕುವ, ಹೊತ್ತಿಗೆ ಮದುಮಕ್ಕಳ ಕಣ್ಣಿಗೆ ಬೀಳಬಾರದಂತೆ. ಯಾರ ಹೆಸರನ್ನು ನಮ್ಮ ಊರಿಗೆ ಇಟ್ಟುಕೊಂಡಿದ್ದೇವೋ ಅವನು ಇಂಥದ್ದನ್ನೆಲ್ಲ ಯಾವತ್ತೋ ಬಿಟ್ಟವನು. ನಮ್ಮವರು ಹೆಸರನ್ನಷ್ಟೇ ಇಟ್ಟುಕೊಂಡರು. ನನಗೆ ಇದರ ಸಿಟ್ಟು ಮೊದಲಿನಿಂದಲೂ ಇತ್ತು, ಈಗಲೂ ಇದೆ, ಕಡಿಮೆ ಮಾಡಿಕೊಳ್ಳುವ ವಿಚಾರವೂ ಇಲ್ಲ.

ಅಕ್ಕನ ಮಗಳ ಮದುವೆ ಇಂಡಿಯ ಕಡೆಯ ಹುಡುಗನೊಂದಿಗೆ ಗೊತ್ತಾಯಿತು. ಲಿಂಬೆ ತೋಟದವರು, ಮಾತು ಕಡಿಮೆಯ ಜನ. ಕಾರ್ಯ ಬಾಗೇವಾಡಿಯ ಕಲ್ಯಾಣ ಮಂಟಪದಲ್ಲಿ. ತಂದೆಯ ಜಾಗದಲ್ಲಿ ಅಣ್ಣ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ, ನಿಲ್ಲುವುದೆಂದು ಆಯಿತು. ಮದುವೆಗೆ ಮೊದಲೇ ಹುಡುಗಿ ತಾಯಿಯ ಹತ್ತಿರ ಹಠ ಹಿಡಿದಳು, ನೀನು ಅಕ್ಕಿಕಾಳಿಗೆ ಹೊರಗೆ ಬರಲೇಬೇಕು ಎಂದು. ಅಕ್ಕ ಒಪ್ಪಲಿಲ್ಲ.

"ನಾ ಹೊರಗ ಬಂದ್ರ ಎಲ್ಲಾರೂ ನಿನ್ನ ಬಿಟ್ಟು ನನ್ನ ನೋಡ್ತಾರ. ಅವತ್ತೊಂದಿನ ನಿನ್ನ ನೋಡ್ಲಿ" ಎಂದಳು.

"ಹಂಗಾರ ನೀ ನನಗ ತಾಯಿನ ಅಲ್ಲ ತಗೋ" ಎಂದಳು ಮಗಳು. ಸಿಟ್ಟಿನಲ್ಲಿ ಹೇಳಿದ ಮಾತು, ಆದರೆ ಅದನ್ನು ಅವಳು ವಾಪಸು ತೆಗೆದುಕೊಳ್ಳಲಿಲ್ಲ.

ಮದುವೆಯ ದಿನ ಬಾಡಿಗೆಯ ವಿಡಿಯೋದವನು ದೊಡ್ಡ ದೀಪ ಹೊತ್ತಿಸಿಕೊಂಡು ವೇದಿಕೆಯನ್ನೇ ಹಿಡಿದು ನಿಂತಿದ್ದ. ಅವನ ಬೆಳಕು ಎಲ್ಲಿ ಬೀಳುತ್ತದೋ ಅಷ್ಟೇ ಮದುವೆ ಎಂದು ಜನ ಅಲ್ಲಲ್ಲೇ ಸರಿದು ನಗುತ್ತಿದ್ದರು. ನಾನು ಮುಂಜಾನೆ ಮದುಮಕ್ಕಳ ಸುತ್ತ ನೂಲು ಸುತ್ತಿ ನೀರೆರೆಯುವ ಸುರಗಿ ಹಿಡಿದೆ, ಅರಿಷಿಣ ಹಿಡಿದೆ, ಬುಟ್ಟಿಯಲ್ಲಿ ಪೇರಿಸಿದ ಕಟಕ ರೊಟ್ಟಿ ಹಿಡಿದೆ, ಹೋಳಿಗೆ ಎಣಿಸುತ್ತ ಜಗಳಾಡುವ ಹೆಂಗಸರನ್ನು ಹಿಡಿದೆ. ಮಂಗಳಾಷ್ಟಕ ಶುರುವಾಗುವ ಹೊತ್ತಿಗೆ ಡಿಸ್ಕಿನಲ್ಲಿ ಇನ್ನೂ ಸ್ವಲ್ಪ ಜಾಗ ಇತ್ತು. ಎಲ್ಲರೂ ವೇದಿಕೆಯ ಕಡೆ ನುಗ್ಗಿದರು. ನಾನು ಹಿಂದಿನ ಉಗ್ರಾಣದ ಕೋಣೆಗೆ ಹೋದೆ, ಅಕ್ಕ ಒಬ್ಬಳೇ ಇರುತ್ತಾಳೆ ಎಂದು.

ಬಾಗಿಲಲ್ಲೇ ನಿಂತುಬಿಟ್ಟೆ. ಅಕ್ಕಿ ಚೀಲಗಳ ನಡುವೆ ಅಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಆ ಗೋಡೆಯ ಆಚೆಗೆ ವೇದಿಕೆ. ಎಡ ಅಂಗೈಯಲ್ಲಿ ಅರಿಷಿಣ ಕಲಸಿದ ಅಕ್ಕಿ. ಹೊರಗೆ 'ಸಾವಧಾನ' ಎಂದು ಕೂಗಿದಾಗಲೆಲ್ಲ, ಗಿರಣಿಯಲ್ಲಿ ಜೋಳ ಸುರಿಯುವ ಅದೇ ತೋಳಿನಿಂದ, ಅವಳು ಅಕ್ಕಿಯನ್ನು ಗೋಡೆಗೆ ಎಸೆಯುತ್ತಿದ್ದಳು. ಅಕ್ಕಿ ಗೋಡೆಗೆ ಬಡಿದು ಚೀಲಗಳ ಮೇಲೆ ಉದುರುತ್ತಿತ್ತು. ಒಮ್ಮೆ ಸ್ವಲ್ಪ ಬಲಕ್ಕೆ ಸರಿದು ನಿಂತಳು. ಮಗಳು ಆಚೆ ಎಲ್ಲಿ ನಿಂತಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು ಎಂದು ನನಗೆ ಆಗ ಹೊಳೆಯಿತು. ಕ್ಯಾಮೆರಾ ಇಳಿಸಲಿಲ್ಲ.

ವಾದ್ಯ ಜೋರಾದ ಮೇಲೆ ಅವಳು ಬಗ್ಗಿ, ಯಾರ ಕಾಲಿಗೂ ಸಿಗಬಾರದೆಂದು, ಬಿದ್ದ ಅಕ್ಕಿಯನ್ನೆಲ್ಲ ಬಳಿದು ಉಡಿಯಲ್ಲಿ ಹಾಕಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

"ಏನ್ ಹಿಡಿಯಾಕತ್ತಿ? ಗ್ವಾಡಿ ಹಿಡಿಯಾಕತ್ತೇನ? ಹೊರಗ ಹೋಗಿ ಮದಿವಿ ಹಿಡಿ, ಹುಚ್ಚಿ."

"ಮದಿವೀನ ಹಿಡಿಯಾಕತ್ತೇನಿ" ಎಂದೆ.

ವೇದಿಕೆ ಇಳಿದು ಹೋಳಿಗೆ ಒಯ್ಯಲು ಬಂದ ವೈನಿ ನನ್ನ ಬೆನ್ನ ಹಿಂದೆಯೇ ನಿಂತು ಇದನ್ನು ಕೇಳಿದ್ದರು. ವೈನಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆ ಬೀಗರು ಹುಡುಗಿಯನ್ನು ಕರೆದುಕೊಂಡು ಹೊರಟ ಮೇಲೆ ಅಣ್ಣ ನನ್ನನ್ನು ಪಡಸಾಲೆಗೆ ಕರೆದ.

"ಆ ಬಿಲ್ಲೆದಾಗ ಏನೈತಿ?"

"ಸುರಗಿ ಐತಿ, ಅರಿಷಿಣ ಐತಿ. ಅಕ್ಕ ಅದಾಳ."

"ಒಂದ ಬಿಲ್ಲೆದಾಗ ಸುರಗಿನೂ ಅಕೀನೂ? ನಾಳೆ ಬೀಗರು ನೋಡಿದ್ರ ಏನ್ ಅಂದಾರು? ಅಳಸು ಅದನ್ನ."

"ಇದರಾಗ ಅಳಸಾಕ ಬರಂಗಿಲ್ಲ."

"ಹಂಗಾರ ಮುರಿ."

"ಮುರಿಯಂಗಿಲ್ಲ."

ಅಣ್ಣನಿಗೆ ನಾನು ಅಷ್ಟು ನೇರವಾಗಿ ಇಲ್ಲ ಎಂದದ್ದು ಅದೇ ಮೊದಲು. ನನ್ನ ಮದುವೆಯ ವಿಷಯದಲ್ಲೂ ಸುತ್ತು ಬಳಸಿಯೇ ಇಲ್ಲ ಎಂದಿದ್ದೆ. ಅವನು ಕೈ ಚಾಚಿದ. ನಾನು ಕೊಟ್ಟೆ, ಯಾಕೆಂದರೆ ಕೊಡದಿದ್ದರೆ ಕಸಿದುಕೊಳ್ಳುತ್ತಿದ್ದ, ಕಸಿಯುವಾಗ ಮುರಿಯುತ್ತಿತ್ತು. ಮುರಿಯುವ ಮೊದಲು ಒಳಗೆ ಏನಿದೆ ನೋಡೋಣ ಎಂದು ಅವನಿಗೇ ಅನಿಸಿರಬೇಕು. ಡಿವಿಡಿ ಪ್ಲೇಯರಿಗೆ ಹಾಕಿದ. ಪರದೆಯ ಮೇಲೆ ಎರಡು ಶಬ್ದ ಬಂದವು. ನೋ ಡಿಸ್ಕ್.

ಅಣ್ಣ ಮೊದಲು ಪರದೆಯನ್ನು ನೋಡಿದ, ಆಮೇಲೆ ನನ್ನನ್ನು. ಆಮೇಲೆ ಮನೆಯವರಿಗೆಲ್ಲ ಕೇಳುವಂತೆ ನಕ್ಕ.

"ಕುರುಡು ಬಿಲ್ಲೆ. ಏನೂ ಬಂದಿಲ್ಲ ಇದರಾಗ. ತಗೋ, ನಿನ್ನ ಮಾಣಿಕ್ಯ ನೀನ ಇಟ್ಕೋ."

ನಾನು ಮುಖ ಸಣ್ಣ ಮಾಡಿಕೊಂಡು ಅದನ್ನು ತೆಗೆದುಕೊಂಡೆ. ಆಡಿಕೊಳ್ಳುವವರ ಮುಂದೆ ಎಡವುವುದರಲ್ಲಿ ಇಷ್ಟು ಸುಖ ಇದೆ ಎಂದು ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಡಿಸ್ಕನ್ನು ಪುಸ್ತಕದ ನಡುವೆ ಇಟ್ಟುಕೊಂಡು ಸಿಂದಗಿಗೆ ಬಂದೆ.

ನಾನು ಸುಮ್ಮನೇ ಇರುತ್ತಿದ್ದೆನೋ ಏನೋ. ಆದರೆ ಇಂಡಿಯಿಂದ ಹುಡುಗಿ ನನಗೆ ಫೋನ್ ಮಾಡುತ್ತಿದ್ದಳು, ತಾಯಿಗೆ ಮಾಡುತ್ತಿರಲಿಲ್ಲ. ಅಕ್ಕ ಮಾಡಿದರೆ ಒಂದೆರಡು ಮಾತಾಡಿ ಗಂಡನ ಕೈಗೆ ಕೊಡುತ್ತಿದ್ದಳು. ಒಂದು ಸಲ ನಾನು ಬೈದೆ. ಅವಳು ಅಳಲಿಲ್ಲ, ತಣ್ಣಗೆ ಹೇಳಿದಳು.

"ಊರಿಗೆ ಊರ ಅಕ್ಕಿಕಾಳ ಹಾಕ್ತು ಚಿಗವ್ವ. ನಮ್ಮವ್ವ ಒಬ್ಬಾಕಿ ಹಾಕಲಿಲ್ಲ."

ಆ ಭಾನುವಾರ ಮುದ್ದೇಬಿಹಾಳಕ್ಕೆ ಹೋಗಿ ಅಕ್ಕನನ್ನು ಕೇಳಿದೆ, ಗೋಡೆಗೆ ಎಸೆದದ್ದನ್ನು ಅವಳಿಗೆ ಯಾಕೆ ಹೇಳಲಿಲ್ಲ ಎಂದು. ಅಕ್ಕ ಗಿರಣಿ ನಿಲ್ಲಿಸಿದಳು. ದನಿ ತಗ್ಗಿಸಲು ನೋಡಿದಳು, ಆಗಲಿಲ್ಲ.

"ಹೇಳಿದ್ರ ನನ್ನ ಮ್ಯಾಲ ಕರುಣಾ ತೋರಸು ಅಂತ ಬೇಡಿದಂಗ ಆಕ್ಕೈತಿ. ಬ್ಯಾಡ. ನೀನೂ ತೋರಸಬ್ಯಾಡ."

"ನಾ ತೋರಸಾಕಿನ" ಎಂದೆ.

"ತೋರಿಸಿದ್ರ ನಿನ್ನ ಕೂಡ ಮಾತ ಬಿಡ್ತೇನಿ."

"ಬಿಡು" ಎಂದೆ. ಬಸ್ಸಿನಲ್ಲಿ ಕೂತ ಮೇಲೆ ಹೆದರಿಕೆಯಾಯಿತು, ಯಾಕೆಂದರೆ ಅಕ್ಕ ಆಡಿದ್ದನ್ನು ಮಾಡುವವಳು. ಆದರೂ ಮನಸ್ಸು ಬದಲಿಸಲಿಲ್ಲ. ತಾಯಿ ಮಗಳು ಇಬ್ಬರೂ ಹಠಮಾರಿಗಳಾದರೆ ಮೂರನೆಯವಳು ಅವರಿಗಿಂತ ಹೆಚ್ಚು ಹಠಮಾರಿಯಾಗಬೇಕಾಗುತ್ತದೆ.

ಹುಡುಗಿ ಬಸುರಿಯಾದಳು. ಕುಬಸದ ಕಾರ್ಯ ಇಂಡಿಯಲ್ಲಿ ಗೊತ್ತಾಯಿತು. ಅದರ ಹಿಂದಿನ ದಿನ ನಾನು ಆ ಡಿಸ್ಕನ್ನು ಮುಚ್ಚಲು ಕೂತೆ. ಮುಚ್ಚುವಾಗ ಕರೆಂಟು ಹೋದರೆ ಡಿಸ್ಕೇ ಹೋಗುತ್ತದೆ ಎಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಸಿಂದಗಿಯ ಕರೆಂಟಿನ ಗುಣ ಆ ಕೈಪಿಡಿ ಬರೆದವನಿಗೆ ಗೊತ್ತಿರಲಿಕ್ಕಿಲ್ಲ. ಆಗ ಬ್ಯಾಟರಿಗೆ ಇನ್ನೂ ಜೀವ ಇತ್ತು. ಅದನ್ನೂ ತುಂಬಿಸಿ ಸಿಕ್ಕಿಸಿ, ಪ್ಲಗ್ಗನ್ನೂ ಹಾಕಿ, ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಲಾರಿ ಹೋದರೂ ಅಲುಗಬಾರದೆಂದು ಕೆಳಗೆ ಕೌದಿ ಮಡಿಸಿ ಹಾಕಿ, ಗುಂಡಿ ಒತ್ತಿದೆ. ನಡುವೆ ಫ್ಯಾನು ನಿಂತಿತು. ನನ್ನ ಉಸಿರೂ ನಿಂತಿತು. ಕ್ಯಾಮೆರಾದ ಗುಂಯ್ ಸದ್ದು ನಿಲ್ಲಲಿಲ್ಲ. ಮುಗಿಯಿತು ಎಂದು ಪರದೆ ಹೇಳುವತನಕ ನಾನು ಬೆವರು ಕೂಡ ಒರೆಸಿಕೊಳ್ಳಲಿಲ್ಲ.

ಇಂಡಿಯಲ್ಲಿ ಬೀಗರ ಪಡಸಾಲೆ ತುಂಬ ಜನ. ಹಸಿರು ಸೀರೆ, ಹಸಿರು ಬಳೆ ತೊಟ್ಟು ಹುಡುಗಿ ಮಣೆಯ ಮೇಲೆ ಕೂತಿದ್ದಳು. ಅಕ್ಕ ರೊಟ್ಟಿ ಬುಟ್ಟಿ ಇಳಿಸಿ ನೇರ ಅಡುಗೆ ಮನೆಗೆ ಹೋಗಿದ್ದಳು. ಉಡಿ ತುಂಬಲು ಮುತ್ತೈದೆಯರು ಇನ್ನೂ ಸೇರುತ್ತಿದ್ದಾಗ ಬೀಗತಿ, ಮದುವೆಯ ಸಿಡಿ ಇದ್ದರೆ ಹಾಕಿ ಎಂದರು. ವಿಡಿಯೋದವನದು ಎಲ್ಲರೂ ನೋಡಿ ಸಾಕಾಗಿತ್ತು.

"ನನ್ನ ಹತ್ರ ಒಂದೈತ್ರಿ" ಎಂದೆ.

"ಅದು ಬರಂಗಿಲ್ಲ ಬಿಡ್ರಿ, ಕುರುಡು ಬಿಲ್ಲೆ" ಎಂದು ಅಣ್ಣ ನಕ್ಕ. ನಾನು ಹಾಕಿದೆ. ಪ್ಲೇಯರು ಒಂದು ಕ್ಷಣ ಮುಲುಗಿತು. ಸುರಗಿ ಬಂತು. ಅಣ್ಣನ ನಗು ಅಲ್ಲೇ ನಿಂತಿತು. ಅವನು ಏಳುವಷ್ಟರಲ್ಲಿ ಅರಿಷಿಣ, ರೊಟ್ಟಿ, ಹೋಳಿಗೆ ಜಗಳ ಎಲ್ಲ ಬಂದು ಹೋಳಿಗೆಯವರು ಪಡಸಾಲೆಯಲ್ಲಿ ತಮ್ಮನ್ನೇ ನೋಡಿ ನಗತೊಡಗಿದ್ದರು. ಅಷ್ಟು ಜನರ ನಗುವಿನ ನಡುವೆ ಟಿವಿ ಆರಿಸುವುದು ಅವನಿಗೂ ಆಗಲಿಲ್ಲ. ಆಮೇಲೆ ಬಾಗಿಲು, ಚೀಲಗಳು, ಗೋಡೆ. ಅಕ್ಕನ ಬೆನ್ನು. ಸಾವಧಾನ. ಅಕ್ಕಿ ಗೋಡೆಗೆ ಬಡಿದ ಸದ್ದು ಟಿವಿಯಲ್ಲಿ ಸ್ಪಷ್ಟವಾಗಿ ಕೇಳಿತು.

ನಗು ನಿಂತುಹೋಯಿತು. "ಮದಿವೀನ ಹಿಡಿಯಾಕತ್ತೇನಿ" ಎಂಬ ನನ್ನ ದನಿ ಬಂದು ಚಿತ್ರ ಮುಗಿಯಿತು. ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು.

"ಇನ್ನೊಮ್ಮೆ ಹಾಕು, ಚಿಗವ್ವ."

ಹಾಕಿದೆ. ಸದ್ದು ಕೇಳಿ ಅಕ್ಕ ಅಡುಗೆ ಮನೆಯ ಬಾಗಿಲಿಗೆ ಬಂದಿದ್ದಳು. ತನ್ನನ್ನು ತಾನೇ ನೋಡಿ, ಆಮೇಲೆ ನನ್ನನ್ನು ನೋಡಿದಳು. ಆ ನೋಟಕ್ಕೆ ನಾನು ಸಿದ್ಧಳಾಗಿಯೇ ಬಂದಿದ್ದೆ. ಎರಡನೆಯ ಸಲ ಮುಗಿದಾಗ ಹುಡುಗಿ ಸೆರಗು ಹರವಿ ಉಡಿ ಒಡ್ಡಿ ಕೂತಳು.

"ಮೊದಲ ನಮ್ಮವ್ವ ತುಂಬಲಿ. ಅಕಿ ತುಂಬೂತನಕ ನಾ ಏಳಂಗಿಲ್ಲ."

ಅಕ್ಕ ಬರಲಿಲ್ಲ. ಅಣ್ಣ ಬಾಗಿಲ ಕಡೆ ಹೊರಟ, ಮತ್ತೆ ತಿರುಗಿ ಬಂದು ಕೂತ. ವೈನಿ ಗೋಡೆಯ ಕಡೆ ನೋಡುತ್ತಿದ್ದರು. ರೊಟ್ಟಿಯ ಜೊತೆಗಿನ ಎಣ್ಣೆಗಾಯಿ ಆರುತ್ತಿತ್ತು, ಮಕ್ಕಳು ಹಸಿವೆಯೆಂದು ಅಳುತ್ತಿದ್ದವು, ಹುಡುಗಿ ಉಡಿ ಒಡ್ಡಿಯೇ ಕೂತಿದ್ದಳು. ಕೊನೆಗೆ ಬೀಗತಿ ಚಾಪೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಅಕ್ಕ ಬಂದು ಅಲ್ಲಿ ಕೂತು, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಎತ್ತಿ ಮಗಳ ಉಡಿಗೆ ಹಾಕಿದಳು. ಮಗಳ ಮುಖವನ್ನೇ ನೋಡುತ್ತ ಹಾಕಿದ್ದರಿಂದ ಅರ್ಧ ಅಕ್ಕಿ ಚಾಪೆಯ ಮೇಲೆ ಬಿತ್ತು. ತಾಯಿ ಮಗಳು ಇಬ್ಬರೂ ಬಗ್ಗಿ ಅದನ್ನು ಬಳಿದುಕೊಂಡರು. ನಾನು ಅದನ್ನು ಹೊಸ ಡಿಸ್ಕಿನಲ್ಲಿ ಹಿಡಿದೆ, ಹಳೆಯದನ್ನು ಹುಡುಗಿಗೇ ಬಿಟ್ಟು ಬಂದೆ.

ಅಕ್ಕ ಹೇಳಿದಂತೆ ನನ್ನೊಂದಿಗೆ ಮಾತು ಬಿಟ್ಟಳು. ಮಗಳ ಬಾಣಂತನದ ಕೆಲಸ ಒಬ್ಬಳಿಗೇ ಹೆಚ್ಚಾದಾಗ ಮತ್ತೆ ಶುರು ಮಾಡಿದಳು. ಅಣ್ಣ ನನ್ನ ಹತ್ತಿರ ಆ ವಿಷಯ ಎಂದೂ ಎತ್ತಲಿಲ್ಲ. ಕುರುಡು ಬಿಲ್ಲೆ ಎನ್ನುವುದನ್ನು ಮಾತ್ರ ಬಿಟ್ಟ.

ಅಣ್ಣ ಈಗಿಲ್ಲ. ಹೋದ ಬೇಸಿಗೆಯಲ್ಲಿ ಅವನ ಕಿರಿಯ ಮಗನ ಮದುವೆ, ಬಾಗೇವಾಡಿಯ ಅದೇ ಮಂಟಪದಲ್ಲಿ. ನನ್ನ ಹತ್ತಿರ ಒಂದೇ ಒಂದು ಖಾಲಿ ಡಿಸ್ಕು ಉಳಿದಿತ್ತು, ಅದನ್ನೂ ಕ್ಯಾಮೆರಾವನ್ನೂ ಒಯ್ದೆ. ಹುಡುಗರು ನಕ್ಕರು. ಪ್ಲಗ್ಗು ಇದ್ದದ್ದು ಉಗ್ರಾಣದ ಬಾಗಿಲ ಹತ್ತಿರ ಮಾತ್ರ, ಹಾಗಾಗಿ ನಾನು ವೈರು ಸಿಕ್ಕಿಸಿಕೊಂಡು ಅಲ್ಲಿಯೇ ನಿಂತೆ. ಮಂಗಳಾಷ್ಟಕಕ್ಕೆ ಎಲ್ಲರೂ ಫೋನು ಎತ್ತಿ ವೇದಿಕೆಯ ಕಡೆ ನುಗ್ಗಿದಾಗ ವೈನಿ ಮಾತ್ರ ಎದುರಿನಿಂದ ಬಂದರು. ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ತಮ್ಮಷ್ಟಕ್ಕೆ ತಾವೇ, ತಲೆಯ ಮೇಲೆ ಸೆರಗು ಹೊದ್ದು, ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು, ನನ್ನ ಮುಂದೆಯೇ ಉಗ್ರಾಣಕ್ಕೆ ಹೊರಟಿದ್ದರು.

ನಾನು ಕ್ಯಾಮೆರಾ ಹಿಡಿದು ನಿಂತಿದ್ದೆ. ಹಿಂದಿನಿಂದ ಅಕ್ಕ ಬಂದಳು. ವೈನಿಯ ರಟ್ಟೆ ಹಿಡಿದು ತಿರುಗಿಸಿದಳು. ಗುಟ್ಟಾಗಿಯೇ ಹೇಳಿದಳು, ಆದರೆ ಗಿರಣಿಯ ದನಿ, ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

"ಒಳಗ ಎಲ್ಲಿ ಹೊಂಟಿ, ವೈನಿ? ಅಲ್ಲಿ ಬರೇ ಗ್ವಾಡಿ ಐತಿ. ನಾ ನೋಡೇನಿ."